ಮೈಲೇಜ್ ಮಾವ

ಮದುವೆಮನೆಯಲ್ಲಿ ಎರಡನೇ ಪಂಕ್ತಿ ಎದ್ದು ಎಲೆಯಡಿಕೆ ಕೈಗೆ ಬರುವ ಹೊತ್ತಿಗೆ ಗಂಡಸರ ಒಂದು ಗುಂಪು ಮೆಲ್ಲಗೆ ಗಾಡಿ ನಿಲ್ಲಿಸಿದ ಕಡೆಗೆ ಸರಿಯುತ್ತದೆ. ಯಾರದೋ ಹೊಸ ಕಾರು. ಬಾಗಿಲು ತೆಗೆದು ಹಾಕಿ, ಸೀಟು ಅಮುಕಿ, ಡಿಕ್ಕಿ ಎತ್ತಿ ಇಳಿಸಿ ಆದಮೇಲೆ ಒಬ್ಬರು ಗಂಟಲು ಸರಿಮಾಡಿಕೊಂಡು ಕೇಳುತ್ತಾರೆ: “ಎಷ್ಟು ಕೊಡುತ್ತೆ?” ನಮ್ಮ ತಾತಂದಿರು ಜಾತ್ರೆಯಲ್ಲಿ ಹಸುವಿನ ಬೆನ್ನು ಸವರುತ್ತಾ ಕೇಳುತ್ತಿದ್ದ ಪ್ರಶ್ನೆಯೇ ಇದು, ಹಾಲು ಹೋಗಿ ಕಿಲೋಮೀಟರ್ ಬಂದಿದೆ, ಅಷ್ಟೆ. ಕೇಳಿದವರು ನಮ್ಮ ಸೋದರಮಾವ. ಅವರು ಆ ಮದುವೆಗೆ ಬಂದಿಲ್ಲವಾದರೆ ಅವರಂಥವರೇ ಇನ್ನೊಬ್ಬರು. ಇಂಥವರಿಲ್ಲದ ಮನೆತನವಾಗಲಿ ಅಪಾರ್ಟ್‌ಮೆಂಟಾಗಲಿ ಈ ನಾಡಿನಲ್ಲಿ ಇದ್ದಂತಿಲ್ಲ.

ಕಾರಿನ ಯಜಮಾನ ಏನು ಉತ್ತರ ಕೊಟ್ಟರೂ ಮಾವನಿಗೆ ಒಂದೇ. 14 ಎಂದರೆ “ಅಯ್ಯೋ ಪಾಪ”, 22 ಎಂದರೆ “ಹೌದಾ?” ಎಂದು ಹುಬ್ಬೇರಿಸುವುದು. ಪ್ರಶ್ನೆ ಕೇಳಿದ್ದೇ ತಮ್ಮ ಉತ್ತರ ಹೇಳುವುದಕ್ಕೆ. “ನಂದು 18.6” ಎನ್ನುತ್ತಾರೆ. ಹದಿನೆಂಟು ಎಂದು ಎಲ್ಲರೂ ಹೇಳಬಲ್ಲರು. ಮಾವನ ಘನತೆಯೆಲ್ಲ ಇರುವುದು ಆ ಪಾಯಿಂಟ್ ಆರರಲ್ಲಿ. ಅನುಮಾನ ಪಡುವವರಿಗೆ ಮೊಬೈಲ್ ತೆಗೆದು ಡ್ಯಾಶ್‌ಬೋರ್ಡಿನ ಫೋಟೋ ತೋರಿಸುತ್ತಾರೆ. ಅವರ ಫೋನಿನಲ್ಲಿ ಮೊಮ್ಮಗಳ ಚಿತ್ರಗಳಿಗಿಂತ ಡ್ಯಾಶ್‌ಬೋರ್ಡಿನ ಚಿತ್ರಗಳೇ ಜಾಸ್ತಿ ಎಂಬುದು ಅತ್ತೆಯ ಹಳೆಯ ದೂರು.

ಮಾವ ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ನೋಡಬೇಕು. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಮೀಟರಿನ ಮೇಲೆ. ಇಳಿಜಾರು ಬಂದು ಕಾಲು ಎಕ್ಸಿಲರೇಟರಿನಿಂದ ಮೇಲೆದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ನಿಂತು ಆ ಕ್ಷಣದ ಮೈಲೇಜಿನ ಅಂಕಿ 99.9ಕ್ಕೆ ನೆಗೆಯುತ್ತದೆ. “ನೋಡೋ, ನೋಡೋ!” ಎಂದು ಮಾವ ತೊಡೆ ತಟ್ಟುತ್ತಾರೆ. ಮುಂದಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಲ್ಲೇ ಪೆಟ್ರೋಲ್ ಉರಿಸತೊಡಗಿದರೆ ಅದೇ ಅಂಕಿ ಸೊನ್ನೆ. ಮಾವನ ಮುಖವೂ ಅಷ್ಟೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಸರಾಸರಿ ಕಣ್ಣೆದುರೇ ಕರಗುತ್ತದೆ. ಅತ್ತೆಯ ಕೈ ಎ.ಸಿ. ಗುಂಡಿಯ ಕಡೆ ಚಾಚಿದರೆ “ಕಿಟಕಿ ಇಳಿಸು, ಚೆನ್ನಾಗಿ ಗಾಳಿ ಬರುತ್ತೆ” ಎನ್ನುವುದು ಮಾವನ ವಾಡಿಕೆ. ಬರುವುದು ಪಕ್ಕದ ಬಸ್ಸಿನ ಹೊಗೆ.

ಧರ್ಮಸ್ಥಳಕ್ಕೆ ಹೊರಟರೆ ಅವರದೊಂದು ಶಾಸ್ತ್ರವಿದೆ. ಸಕಲೇಶಪುರ ಇರುವುದು 900 ಮೀಟರಿಗೂ ಮೇಲೆ. ಅಲ್ಲಿ ಕಾಫಿ ಕುಡಿದು, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಶಿರಾಡಿ ಘಾಟಿ ಇಳಿಯುತ್ತಾರೆ. ಗುಂಡ್ಯದಲ್ಲಿ ಗಾಡಿ ಬದಿಗೆ ಹಾಕಿ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸುತ್ತಾರೆ. ಮಂಜುನಾಥನ ದರ್ಶನದ ಫೋಟೋ ಆಮೇಲೆ. ವಾಪಸು ಘಾಟಿ ಹತ್ತುವಾಗಿನ ಫೋಟೋವನ್ನು ಇದುವರೆಗೆ ಯಾರೂ ಕಂಡವರಿಲ್ಲ.

“ಅದು ಕಂಪ್ಯೂಟರ್ ಕಣೋ, ಸುಳ್ಳು ಹೇಳಲ್ಲ” ಎಂಬುದು ಅವರ ವಾದ. ಸುಳ್ಳು ಹೇಳುವುದಿಲ್ಲ, ನಿಜ, ಅಂದಾಜು ಹೇಳುತ್ತದೆ. ಕಂಪ್ಯೂಟರೇನು ಪೆಟ್ರೋಲನ್ನು ಲೋಟದಲ್ಲಿ ಅಳೆಯುವುದಿಲ್ಲ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ಬಾಯಿ ತೆರೆದಿತ್ತು ಎಂದು ಎಣಿಸಿ, ಅಷ್ಟು ಹೊತ್ತಿನಲ್ಲಿ ಇಷ್ಟು ಹರಿದಿರಬೇಕು ಎಂದು ಕೂಡಿಸುತ್ತಾ ಹೋಗುತ್ತದೆ. ಕಿಲೋಮೀಟರನ್ನೂ ಅದು ರಸ್ತೆಗೆ ಟೇಪು ಹಿಡಿದು ಅಳೆಯುವುದಿಲ್ಲ. ಚಕ್ರ ಎಷ್ಟು ಸುತ್ತು ಸುತ್ತಿತು ಎಂಬುದರಿಂದ ಲೆಕ್ಕ ಕಟ್ಟುತ್ತದೆ. ಹೊಸ ಟೈರಿನ ಎಂಟು ಮಿಲಿಮೀಟರ್ ಹಲ್ಲು ಸವೆದು ಎರಡಕ್ಕಿಳಿದರೆ ಚಕ್ರ ನೂರಕ್ಕೆ ಎರಡರಷ್ಟು ಚಿಕ್ಕದಾಗುತ್ತದೆ, ಅಷ್ಟೇ ದಾರಿಗೆ ಹೆಚ್ಚು ಸುತ್ತುತ್ತದೆ, ಕಾರು ಹೋಗದ ದೂರವೂ ಜಮೆಯಾಗುತ್ತದೆ. ಹೊಸ ಟೈರು ಹಾಕಿಸಿದ ತಿಂಗಳು ಮಾವ ಯಾಕೆ ಮಂಕಾಗಿದ್ದರು ಎಂಬುದು ಮನೆಯವರಿಗೆ ಆಗ ಹೊಳೆಯಲಿಲ್ಲ. ಒಟ್ಟಿನಲ್ಲಿ ಬಹಳಷ್ಟು ಕಾರುಗಳ ಪರದೆ ಬಂಕಿನ ಲೆಕ್ಕಕ್ಕಿಂತ ನೂರಕ್ಕೆ ಐದಾರು ಪಾಲು ಹೆಚ್ಚಾಗಿಯೇ ತೋರಿಸುತ್ತದೆ. ಕಡಿಮೆ ತೋರಿಸುವ ಕಾರುಗಳೂ ಇಲ್ಲದಿಲ್ಲ. ಅಂಥದ್ದನ್ನು ಮಾವ ಕೊಳ್ಳುತ್ತಿರಲಿಲ್ಲ.

ಮಾವನಿಗೆ ಇದು ತಿಳಿಯದೇನಲ್ಲ. ಲೆಕ್ಕಪತ್ರ ವಿಭಾಗದಲ್ಲಿ ನಿವೃತ್ತರಾದವರು. ಟ್ಯಾಂಕ್ ಟು ಟ್ಯಾಂಕ್ ಲೆಕ್ಕ ಬರೆಯುವ ಡೈರಿ ಬೇರೆಯೇ ಇದೆ. ನಂಬಿಕೆಯ ಬಂಕು ಮನೆಯಿಂದ ಏಳು ಕಿಲೋಮೀಟರ್ ದೂರ. ಹತ್ತಿರ ಬಂಕಿಲ್ಲ ಎಂದಲ್ಲ, ನಂಬಿಕೆ ಇಲ್ಲ. ಹೋಗುವುದು ಬೆಳಗಿನ ಜಾವ, ತಂಪಿನಲ್ಲಿ ಪೆಟ್ರೋಲ್ ಕುಗ್ಗಿ ಗಟ್ಟಿಯಾಗಿರುತ್ತದೆ ಎಂದು. ಬಂಕಿನ ಟ್ಯಾಂಕು ನೆಲದಡಿ ಇರುವುದರಿಂದ ಬೆಳಗಿಗೂ ಮಧ್ಯಾಹ್ನಕ್ಕೂ ಅಲ್ಲಿನ ಶಾಖ ಹೆಚ್ಚೇನೂ ಬದಲಾಗುವುದಿಲ್ಲ ಎಂದು ಹೇಳಿದರೆ “ನಿನಗೇನೋ ಗೊತ್ತು” ಎನ್ನುತ್ತಾರೆ. ಅದೇ ಪಂಪು, ಅದೇ ಜಾಗ, ಕಾರಿನ ಮೂತಿ ಅದೇ ದಿಕ್ಕಿಗೆ. ಹುಡುಗ “ಝೀರೋ ನೋಡ್ಕೊಳ್ಳಿ ಸಾರ್” ಎನ್ನುವ ಮೊದಲೇ ಇಳಿದು ನಿಂತು ನೋಡುತ್ತಿರುತ್ತಾರೆ. ನಳಿಕೆಯ ತುದಿಯಲ್ಲಿರುವ ಸಣ್ಣ ತೂತಿಗೆ ಪೆಟ್ರೋಲ್ ಮುಟ್ಟಿ ಗಾಳಿ ಕಟ್ಟಾದೊಡನೆ ಟಕ್ಕೆಂದು ತಾನಾಗಿ ನಿಲ್ಲುತ್ತದಲ್ಲ, ಅಲ್ಲಿಗೆ ಮುಗಿಯಬೇಕು. “ರೌಂಡ್ ಫಿಗರ್ ಮಾಡ್ಲಾ ಸಾರ್?” ಎಂದು ಹುಡುಗ ಕೇಳಿದನೋ, “ಮುಟ್ಟಬೇಡ!” ಎಂಬ ಕೂಗಿಗೆ ಪಕ್ಕದ ಸಾಲಿನ ಸ್ಕೂಟರಿನವರು ತಿರುಗಿ ನೋಡುತ್ತಾರೆ.

ಒಂದು ತಿಂಗಳು ಡೈರಿಯ ಅಂಕಿ ಇಳಿದಾಗ ಮಾವ ಬಂಕಿನಲ್ಲಿ ಐದು ಲೀಟರ್ ಅಳತೆಯ ಕ್ಯಾನ್ ತರಿಸಿದರು. ಗಿರಾಕಿ ಕೇಳಿದರೆ ಅಳೆದು ತೋರಿಸಲೇಬೇಕು; ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚುಕಮ್ಮಿಯಷ್ಟೇ ಕಾನೂನು ಒಪ್ಪುತ್ತದೆ. ಹಿಂದೆ ನಿಂತ ಗಾಡಿಗಳ ಹಾರನ್ನಿನ ನಡುವೆ ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಗೆರೆಗೆ ಸರಿಯಾಗಿ ನಿಂತಿತ್ತು. ಮೋಸ ಸಿಕ್ಕಿದ್ದರೆ ಖುಷಿಯಾಗುತ್ತಿತ್ತು. ಸರಿಯಾಗಿದ್ದದ್ದು ನೋಡಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ.

ಅಷ್ಟರಲ್ಲಿ ಎಥನಾಲ್ ಬಂತು. 2023ರ ಫೆಬ್ರುವರಿಯಲ್ಲಿ ಪ್ರಧಾನಿಗಳು ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು; ನೂರಕ್ಕೆ ಇಪ್ಪತ್ತು ಬೆರೆಸಿದರೆ ಮೈಲೇಜು ಒಂದಿಷ್ಟು ಇಳಿಯುವುದು ಸಹಜ. ಮಾವನಿಗೆ ಅಷ್ಟು ಸಾಕಾಯಿತು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಎಥನಾಲೇ, ಡಿಕ್ಕಿಯಲ್ಲಿ ಊರಿಂದ ತಂದ ಅಕ್ಕಿ ಮೂಟೆ ಇದ್ದರೂ ಎಥನಾಲೇ.

ಹೀಗೆ ಅವರ ಬಳಿ ಇರುವುದು ಒಂದು ಕಾರು, ಮೂರು ಮೈಲೇಜು. ಮದುವೆಮನೆಗೆ ಪರದೆಯ 18.6. ನಾಲ್ಕು ಜನ ಸೇರಿ ಪ್ರವಾಸ ಹೋಗಿ ಪೆಟ್ರೋಲ್ ದುಡ್ಡು ಹಂಚಿಕೊಳ್ಳುವಾಗ ಡೈರಿಯ 17.4, “ಲೋಡ್ ಇತ್ತಲ್ಲ, 16 ಅಂತ ಹಿಡಿಯೋಣ” ಎಂದು ಅದರಲ್ಲೂ ಒಂದಿಷ್ಟು ಉದುರಿಸುತ್ತಾರೆ. ಹಳೆಯ ಕಾರು ಮಾರುವಾಗ ಮಾತ್ರ ಕಂಪನಿಯವರು ಹೇಳಿದ, ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆಯ ಅಂಕಿ. ಆ ಅಂಕಿ ಹುಟ್ಟುವುದು ಪ್ರಯೋಗಶಾಲೆಯಲ್ಲಿ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದಲ್ಲಿ ಓಡಿಸಿ, ಹೊರಬಂದ ಹೊಗೆಯಲ್ಲಿರುವ ಇಂಗಾಲ ಅಳೆದು ಎಷ್ಟು ಪೆಟ್ರೋಲ್ ಸುಟ್ಟಿತೆಂದು ಕಂಡುಹಿಡಿಯುತ್ತಾರೆ. ವೇಗ 90 ದಾಟುವಂತಿಲ್ಲ. ಎ.ಸಿ. ಇಲ್ಲ, ಹಂಪಿಲ್ಲ, ಗುಂಡಿಯಿಲ್ಲ, ಅಡ್ಡಬರುವ ಆಟೋ ಇಲ್ಲ. ಮಾವ ಆ ಲೋಕದಲ್ಲಿ ಹುಟ್ಟಬೇಕಾಗಿದ್ದವರು.

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. “ಊರಲ್ಲಿ 12, ಹೈವೇಲಿ 24, ಸರಾಸರಿ 18” ಎಂದು ಮಾವ ಒಮ್ಮೆ ಘೋಷಿಸಿದಾಗ ಹುರುಳಿಕಾಯಿ ಸೋಸುತ್ತಲೇ ಹೇಳಿದರು: “120 ಕಿಲೋಮೀಟರ್ ಊರಲ್ಲಿ ಹೋದ್ರೆ 10 ಲೀಟರ್. ಹೈವೇಲಿ ಅಷ್ಟೇ ಹೋದ್ರೆ 5. 240ನ್ನ 15ರಿಂದ ಭಾಗಿಸಿ ರೀ. 16.” ಮಾವ ಪೇಪರ್ ಎತ್ತಿಕೊಂಡರು. ಅತ್ತೆಗೆ ಡ್ರೈವಿಂಗೂ ಬರುತ್ತದೆ, ಆದರೆ ಗಾಡಿ ಕೊಡುವುದಿಲ್ಲ. “ಅವಳು ಕ್ಲಚ್ ಮೇಲೆ ಕಾಲಿಡ್ತಾಳೆ. ಮೈಲೇಜ್ ಸತ್ತುಹೋಗುತ್ತೆ.”

ಕಳೆದ ವರ್ಷ ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಡಾಕ್ಟರು ಕೆಲವು ದಿನ ಸ್ಟಿಯರಿಂಗ್ ಮುಟ್ಟಬೇಡಿ ಎಂದರು. ಕೀಲಿ ಅತ್ತೆಯ ಕೈಗೆ ಹೋಯಿತು. ಅವರು ಎ.ಸಿ. ಹಾಕಿಕೊಂಡು ಆಸ್ಪತ್ರೆಗೆ ಹೋದರು, ಮಾರ್ಕೆಟ್ಟಿಗೆ ಹೋದರು, ತುಮಕೂರಿನ ತಂಗಿಯ ಮನೆಗೂ ಹೋಗಿಬಂದರು. ಅವಸರವಿಲ್ಲ, ಮುಂದಿನವನ ಬಾಲಕ್ಕೆ ಅಂಟಿಕೊಂಡು ಬ್ರೇಕ್ ಹಾಕುವುದಿಲ್ಲ, ಓವರ್‌ಟೇಕ್ ಮಾಡಿ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲುವ ಚಟವೂ ಇಲ್ಲ. ಮೀಟರಿನ ಕಡೆ ಅವರು ನೋಡಲೇ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡೇ ಕೆಳಗಿಳಿದು ನೋಡಿದವರು ಮಾವ. 20.3.

ಆ ಸಂಜೆ ಕಾಫಿಗೆ ನಾನೂ ಇದ್ದೆ.

“ಈ ಸ್ಕ್ರೀನನ್ನ ನಂಬೋ ಹಾಗಿಲ್ಲ ಕಣೋ” ಎಂದರು ಮಾವ. “ಎಲ್ಲಾ ಅಂದಾಜು. ಇಂಜೆಕ್ಟರ್ ಎಣಿಸುತ್ತೆ, ಅಷ್ಟೆ. ಟ್ಯಾಂಕ್ ಟು ಟ್ಯಾಂಕ್ ನೋಡಬೇಕು.”

ಅತ್ತೆ ಪರ್ಸಿನಿಂದ ಬಂಕಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ನೋಡಿಯೇ ಬಂದೆ. ನಿಮ್ಮದೇ ಬಂಕು, ನಿಮ್ಮದೇ ಪಂಪು. 418 ಕಿಲೋಮೀಟರ್, 22 ಲೀಟರ್. 19.”

ಮಾವ ಚೀಟಿಯನ್ನು ಬೆಳಕಿಗೆ ಹಿಡಿದರು. “ನೊರೆ ಬಂದು ಬೇಗ ಕಟ್ ಆಗಿದೆ. ಇನ್ನೂ ಒಂದು ಲೀಟರ್ ಹಿಡಿಸ್ತಿತ್ತು.”

“ಹಿಡಿಸಲಿ ಬಿಡಿ. 418ನ್ನ 23ರಿಂದ ಭಾಗಿಸಿ. 18.2. ನಿಮ್ಮ ಡೈರೀಲಿ ಎಷ್ಟಿದೆ?”

ಮಾವ ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಕೊನೆಗೆ ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದರು: “ಗಾಡಿ ಈಗ ಸೆಟ್ ಆಗಿದೆ ನೋಡೋ. ಇಷ್ಟು ವರ್ಷ ನಾನು ಹದವಾಗಿ ಓಡಿಸಿದ್ದಕ್ಕೇ.”