ಆಸನಮೀಮಾಂಸೆ: ಹೊಗೆನಕಲ್ ಪಿಕಪ್ ಗಾಡಿಗಳ ಸೀಟನ್ನು ಕುರಿತು

ಪೀಠಿಕೆ

ಪಿಕಪ್ ಗಾಡಿಗೆ ಚರ್ಮದ ಸೀಟು ಹೆಚ್ಚು ಬಾಳುತ್ತದೋ ಬಟ್ಟೆಯದು ಹೆಚ್ಚು ಬಾಳುತ್ತದೋ ಎಂಬ ಪ್ರಶ್ನೆ ದ್ವೈತ ಅದ್ವೈತಗಳಷ್ಟು ಹಳೆಯದಲ್ಲ. ಬಗೆಹರಿಯದೆ ಉಳಿಯುವುದರಲ್ಲಿ ಮಾತ್ರ ಅವುಗಳಿಗಿಂತ ಒಂದು ಕೈ ಮೇಲು. ಅಮೆರಿಕದಲ್ಲಿ ಮೇವು ಗೊಬ್ಬರ ಹೊರುತ್ತಿದ್ದ ಈ ಗಾಡಿಗೆ ಫೋರ್ಡ್ ಕಂಪನಿ 2001ರಲ್ಲಿ ಟೆಕ್ಸಾಸಿನ ಕಿಂಗ್ ರಾಂಚ್ ಎಂಬ ಗೋಮಾಳದ ಹೆಸರಿಟ್ಟು, ಕುದುರೆಯ ಜೀನಿಗೆ ಹೊಂದುವಂಥ ಚರ್ಮ ಹೊದಿಸಿ ಮಾರಿತು. ಪಾಶ್ಚಾತ್ಯ ಪಂಡಿತರು ಸೀಟಿನ ಬಾಳಿಕೆಯನ್ನು ಅಳೆಯುವುದು ಪ್ರಯೋಗಶಾಲೆಯಲ್ಲಿ. ಮಾರ್ಟಿಂಡೇಲ್ ಎಂಬ ಯಂತ್ರ ಸೀಟಿನ ಬಟ್ಟೆಯ ತುಂಡನ್ನು ಉಣ್ಣೆಯ ಬಟ್ಟೆಗೆ ಸಾವಿರಾರು ಸಲ ಉಜ್ಜುತ್ತದೆ. ನೂಲು ಕಿತ್ತುಬಂದಲ್ಲಿಗೆ ಲೆಕ್ಕ ಮುಗಿಯುತ್ತದೆ. ಈ ವಿಧಾನದಲ್ಲಿ ಒಂದು ಮೂಲಭೂತ ದೋಷವಿದೆ: ಆ ಉಣ್ಣೆ ಒಣಗಿರುತ್ತದೆ. ಮೈತುಂಬ ಎಣ್ಣೆ ತಿಕ್ಕಿಸಿಕೊಂಡು, ನೀರಿಗೆ ಬಿದ್ದೆದ್ದು, ಹುರಿದ ಮೀನಿನ ಪೊಟ್ಟಣ ಹಿಡಿದು ಬಂದು ಕೂರುವ ಉಣ್ಣೆ ಆ ಶಾಲೆಗಳಲ್ಲಿ ಇಲ್ಲ.

ಅದು ಇರುವುದು ಹೊಗೆನಕಲ್‌ನಲ್ಲಿ. ಕಾವೇರಿಯ ಈ ದಡ ಚಾಮರಾಜನಗರ ಜಿಲ್ಲೆ. ಆ ದಡ ಧರ್ಮಪುರಿ, 1965ಕ್ಕೆ ಮುಂಚೆ ಸೇಲಂ. ಜಲಪಾತ ನೋಡುವುದು ಇಲ್ಲಿ ನೆಪ. ಬಂದವರು ಬಂಡೆಯ ಮೇಲೆ ಮಲಗಿ ಮಾಲೀಸು ಮಾಡಿಸಿಕೊಳ್ಳುತ್ತಾರೆ, ಹರಿವ ನೀರಿಗೆ ತಲೆಯೊಡ್ಡುತ್ತಾರೆ, ಮೀನು ತಿನ್ನುತ್ತಾರೆ, ಅನಂತರ ಅದೇ ಸ್ಥಿತಿಯಲ್ಲಿ ಗಾಡಿ ಹತ್ತುತ್ತಾರೆ. ತೈಲ, ಜಲ, ಮತ್ಸ್ಯ ಎಂಬ ಈ ಮೂರನ್ನು ಪ್ರಸ್ತುತ ಪ್ರಬಂಧವು ‘ನಾಶಕತ್ರಯ’ ಎಂದು ಕರೆಯುತ್ತದೆ. ಬಿಸಿಲು ನಾಲ್ಕನೆಯದು, ತ್ರಯ ಎಂದು ಹೆಸರಿಟ್ಟಾದ ಮೇಲೆ ಕಂಡುಬಂದದ್ದರಿಂದ ಅದನ್ನು ಹೊರಗೆ ನಿಲ್ಲಿಸಲಾಗಿದೆ.

ಪೂರ್ವಸೂರಿಗಳು

ಆಸನದ ಬಗ್ಗೆ ನಮ್ಮಲ್ಲಿ ಮೊದಲು ಖಚಿತವಾಗಿ ಮಾತಾಡಿದ ಗ್ರಂಥಗಳಲ್ಲಿ ಭಗವದ್ಗೀತೆ ಒಂದು. ಆರನೆಯ ಅಧ್ಯಾಯದ ಹನ್ನೊಂದನೆಯ ಶ್ಲೋಕ ಯೋಗಿಯ ಸೀಟಿನ ವಿವರಪಟ್ಟಿ: ಅಲುಗಬಾರದು, ಬಹಳ ಎತ್ತರ ಇರಬಾರದು, ಬಹಳ ತಗ್ಗೂ ಆಗಬಾರದು, ದರ್ಭೆ, ಚರ್ಮ, ಬಟ್ಟೆ ಮೂರೂ ಬೇಕು. ಶ್ಲೋಕದಲ್ಲಿ ಬಟ್ಟೆ ಮೊದಲು ಬಂದರೂ ಹಾಸುವಾಗ ಕ್ರಮ ತಿರುವುಮುರುವು ಎಂದು ಶಂಕರಭಾಷ್ಯ ಎಚ್ಚರಿಸುತ್ತದೆ. ಅಡಿಯಲ್ಲಿ ದರ್ಭೆ, ನಡುವೆ ಚರ್ಮ, ಮೇಲೆ ಬಟ್ಟೆ. ಈ ಸೂಕ್ಷ್ಮವನ್ನು ವಾಚಕರು ನೆನಪಿನಲ್ಲಿಡಬೇಕು. ಸಿದ್ಧಾಂತಭಾಗದಲ್ಲಿ ಕೆಲಸಕ್ಕೆ ಬರುತ್ತದೆ.

ಎರಡನೆಯ ಪ್ರಮಾಣ ಸ್ಥಳೀಯ. ಹೊಗೆನಕಲ್‌ನ ನೆರೆಯ ಬೆಟ್ಟಸಾಲಿನ ಒಡೆಯ ಮಲೆ ಮಹದೇಶ್ವರ ಹುಲಿಯ ಮೇಲೆ ಸಂಚರಿಸಿದವನು. ಈ ಸೀಮೆಯ ಚರ್ಮದ ಆಸನಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಹೊಲಿಗೆಯಿಲ್ಲ, ಬಿರುಕಿಲ್ಲ, ಗೀರು ಬಿದ್ದರೆ ತಾನೇ ಮಾಯುತ್ತದೆ. ಕಾರಣ ಸರಳ: ಚರ್ಮದ ಒಳಗೆ ಅದರ ಮೂಲ ಮಾಲೀಕ ಇನ್ನೂ ವಾಸವಾಗಿದ್ದಾನೆ. ಚರ್ಮ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವುದನ್ನು ಬಿಡುವುದು ಮಾಲೀಕ ತೆರವು ಮಾಡಿದ ಮೇಲೆಯೇ. ಆದರೆ ಈ ಮಾದರಿ ಸಾರ್ವಜನಿಕ ಬಳಕೆಗೆ ಒಗ್ಗುವುದಿಲ್ಲ. ಹತ್ತುವುದಕ್ಕೆ ದೈವತ್ವ ಬೇಕು.

ಮೂರನೆಯದು ವಿದೇಶಿ ಸಾಕ್ಷ್ಯ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡು ದೋಣಿ ಕಂಡ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಹೊಗೆನಕಲ್‌ನ ತೆಪ್ಪ, ತಮಿಳರ ಪರಿಸಲ್, ಇದೇ ವಂಶದ್ದು. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಬಿಗಿಯುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಾರೆ. ಪಯಸ್‌ಗಿಂತ ಬಹಳ ಹಿಂದೆ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ದೋಣಿಗಳ ವಿಷಯ ಹೇಳಿದ್ದಾನೆ: ಸರಕು ಇಳಿಸಿದ ಮೇಲೆ ಮರದ ಚೌಕಟ್ಟನ್ನು ಅಲ್ಲೇ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ಮನೆಗೆ ತರುತ್ತಿದ್ದರಂತೆ. ಗಾಡಿ ಹೋದರೂ ಹೊದಿಕೆ ಉಳಿಯಿತು. ಚರ್ಮವಾದಿಗಳು ಇದನ್ನು ಇನ್ನೂ ಓದಿಕೊಂಡಿಲ್ಲದಿರುವುದು ವಿಷಾದನೀಯ.

ನಾಲ್ಕನೆಯ ಪ್ರಮಾಣ ಮೋಟಾರು ಯುಗದ್ದು. ಮೊದಮೊದಲ ದೊಡ್ಡ ಕಾರುಗಳಲ್ಲಿ ಮುಂದೆ ಬಿಸಿಲು ಮಳೆಗೆ ಬಯಲಾಗಿ ಕೂರುತ್ತಿದ್ದ ಡ್ರೈವರನಿಗೆ ಚರ್ಮದ ಸೀಟು. ಹಿಂದೆ ಗಾಜಿನೊಳಗೆ ಕೂರುತ್ತಿದ್ದ ಯಜಮಾನನಿಗೆ ನಯವಾದ ಬಟ್ಟೆಯದು. ಚರ್ಮ ಆಳಿನದು, ಬಟ್ಟೆ ಅರಸನದು. ಅದು ಯಾವಾಗ ತಲೆಕೆಳಗಾಯಿತೋ, ಇಂದು ಶೋರೂಮಿನಲ್ಲಿ ಚರ್ಮಕ್ಕೆ ಹೆಚ್ಚಿನ ಹಣ ಕೇಳುತ್ತಾರೆ. ಒಂದು ತತ್ವ ಮಾತ್ರ ಇಲ್ಲಿಂದ ಸ್ಪಷ್ಟ: ಬಾಳಿಕೆಯ ಪ್ರಶ್ನೆ ಹುಟ್ಟಿದ್ದು ಕೆಲಸದವರು ಕೂರುವ ಜಾಗದಲ್ಲಿ. ಯಜಮಾನನ ಸೀಟು ಎಷ್ಟು ದಿನ ಬಂತು ಎಂದು ಕೇಳುವುದು ಅಸಭ್ಯತೆ.

ಪೂರ್ವಪಕ್ಷ ಒಂದು: ಚರ್ಮವಾದ

ಚರ್ಮವಾದಿಗಳ ವಾದಸರಣಿ ಹೀಗಿದೆ. ಚರ್ಮಕ್ಕೆ ಎಣ್ಣೆ ಶತ್ರುವಲ್ಲ, ಆಹಾರ. ಬಿಸಿಲಿಗೆ ಅದರೊಳಗಿನ ಜಿಡ್ಡು ಆರಿದಾಗ ತಾನೇ ಅದು ಬಿರಿಯುವುದು? ಹೊರದೇಶಗಳಲ್ಲಿ ಮಾಲೀಕರು ಡಬ್ಬಿ ಕೊಂಡು ತಂದು ಸೀಟಿಗೆ ಎಣ್ಣೆ ಉಜ್ಜಬೇಕು; ಹೊಗೆನಕಲ್‌ನಲ್ಲಿ ಪ್ರಯಾಣಿಕರು ಸ್ವಂತ ಖರ್ಚಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಬಂದು ಸೀಟಿಗೆ ಒರೆಸಿ ಹೋಗುತ್ತಾರೆ. ಕಚ್ಚಾ ಸಾಮಗ್ರಿಯೂ ದೂರವಿಲ್ಲ. ಆಂಬೂರು, ವಾಣಿಯಂಬಾಡಿಗಳ ಹದಗಾರಿಕೆ ಪ್ರಸಿದ್ಧ. ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 1948ರಿಂದ ಮದರಾಸಿನಲ್ಲೇ ಇದೆ. ತೊಗಲು ಹದಮಾಡುವ ತಂಗಡಿ ತೊಗಟೆ, ಅಳಲೆಕಾಯಿ ಎರಡೂ ನಮ್ಮ ಕಾಡುಗಳವೇ.

ಆಕ್ಷೇಪಗಳು ಮೂರು. ಒಂದು, ಎಳ್ಳೆಣ್ಣೆ ತೆಂಗಿನೆಣ್ಣೆಗಳು ಚರ್ಮಕ್ಕೆ ಇಳಿದ ಮೇಲೆ ಕಮಟು ಹಿಡಿಯುತ್ತವೆ. ಅದರೊಡನೆ ಮೀನು ಸೇರಿದಾಗ ಉಂಟಾಗುವ ಮೂರನೆಯ ವಾಸನೆಗೆ ಅಲಂಕಾರಶಾಸ್ತ್ರದಲ್ಲಿ ಹೆಸರಿಲ್ಲ. ಎರಡು, ಚರ್ಮ ಹರಿಯುವ ಮೊದಲೇ ಹೊಲಿಗೆ ಬಿಡುತ್ತದೆ. ಅದೂ ಎಲ್ಲೆಂದರಲ್ಲಿ ಅಲ್ಲ, ಡ್ರೈವರನ ಬಲ ಅಂಚಿನಲ್ಲಿ. ಹತ್ತುವಾಗ ಇಳಿಯುವಾಗ ಇಡೀ ದೇಹದ ಭಾರ ಜಾರುವುದು ಆ ಅಂಚಿನ ಮೇಲೆ. ನಡುಭಾಗ ಹೊಸದಾಗಿಯೇ ಇದ್ದು ಅಂಚು ಬಾಯಿ ಬಿಟ್ಟಿರುತ್ತದೆ. ಮೂರು, ಘರ್ಷಣೆಯ ಅಭಾವ. ಪೆನ್ನಾಗರಂನಿಂದ ಇಳಿಯುವ ಘಾಟಿಯ ತಿರುವುಗಳಲ್ಲಿ ಎಣ್ಣೆ ಹಚ್ಚಿದ ಮನುಷ್ಯ ಎಣ್ಣೆ ಕುಡಿದ ಸೀಟಿನ ಮೇಲೆ ಸ್ಥಿರವಾಗಿ ಕೂರಲು ನ್ಯೂಟನ್ನನ ನಿಯಮಗಳು ಅನುಮತಿಸುವುದಿಲ್ಲ. ಬಲಕ್ಕೆ ತಿರುಗಿದಾಗ ಎಡ ಬಾಗಿಲಿಗೆ, ಎಡಕ್ಕೆ ತಿರುಗಿದಾಗ ಡ್ರೈವರನ ತೊಡೆಗೆ: ಇದು ಕ್ಲೀನರನ ಕಕ್ಷೆ.

ಪೂರ್ವಪಕ್ಷ ಎರಡು: ವಸ್ತ್ರವಾದ

ಬಟ್ಟೆ ಜಾರುವುದಿಲ್ಲ, ಬಿಸಿಲಿಗೆ ಸುಡುವುದಿಲ್ಲ, ಬೆನ್ನಿಗೆ ಗಾಳಿ ಬಿಡುತ್ತದೆ. ವಸ್ತ್ರವಾದಿಗಳ ಈ ಮಾತುಗಳೆಲ್ಲ ನಿಜ. ಆದರೆ ಬಟ್ಟೆ ಕುಡಿಯುತ್ತದೆ. ಕೆಳಗಿನ ಫೋಮ್ ಅದಕ್ಕಿಂತ ಹೆಚ್ಚು ಕುಡಿಯುತ್ತದೆ. ಇಲ್ಲಿಂದ ವಿಷಯ ಬಾಳಿಕೆಯನ್ನು ದಾಟಿ ಅಂತರರಾಜ್ಯ ಜಲವ್ಯಾಜ್ಯವನ್ನು ಪ್ರವೇಶಿಸುತ್ತದೆ.

ಕರ್ನಾಟಕ ಬಿಡುವ ಕಾವೇರಿ ನೀರನ್ನು ಕೇಂದ್ರ ಜಲ ಆಯೋಗ ಅಳೆಯುವುದು ಹೊಗೆನಕಲ್‌ಗೆ ಮೇಲ್ಗಡೆ, ಬಿಳಿಗುಂಡ್ಲುವಿನಲ್ಲಿ. 2007ರಲ್ಲಿ ನ್ಯಾಯಮಂಡಳಿ ವರ್ಷಕ್ಕೆ 192 ಟಿಎಂಸಿ ಅಡಿ ಎಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25ಕ್ಕೆ ಇಳಿಸಿತು. ಅಂದರೆ ಅಳತೆ ಮುಗಿದು ತಮಿಳುನಾಡಿನ ಖಾತೆಗೆ ಜಮೆಯಾದ ನೀರಿನಲ್ಲಿ ಬೆಂಗಳೂರಿನ ಪ್ರವಾಸಿ ಮುಳುಗುತ್ತಾನೆ. ಒರೆಸಿಕೊಳ್ಳದೆ ಬಟ್ಟೆಯ ಸೀಟಿನ ಮೇಲೆ ಕೂರುತ್ತಾನೆ. ಗಾಡಿ ಹೊಸೂರು ದಾಟಿ ಕರ್ನಾಟಕಕ್ಕೆ ಮರಳುತ್ತದೆ. ಕೊಟ್ಟ ನೀರು ಹೀಗೆ ಚಡ್ಡಿಯ ಮೂಲಕ ವಾಪಸು ಬರುತ್ತಿರುವ ಸಂಗತಿ ಉಭಯ ರಾಜ್ಯಗಳ ವಕೀಲರಿಗೂ ಹೊಳೆದಂತಿಲ್ಲ. 1934ರಿಂದ ನೀರಿಗಾಗಿ ಬಾಯ್ತೆರೆದು ಕಾಯುತ್ತಿರುವ ಮೆಟ್ಟೂರು ಅಣೆಕಟ್ಟೆಯೂ ಈ ಸೋರಿಕೆಯನ್ನು ಗಮನಿಸಿಲ್ಲ.

ನಷ್ಟ ಎಷ್ಟು? ಒಂದು ಟಿಎಂಸಿ ಅಡಿ ಎಂದರೆ ಸುಮಾರು 2,831 ಕೋಟಿ ಲೀಟರ್. ತಲೆಗೆ ಅರ್ಧ ಲೀಟರ್ ಎಂದು ಹಿಡಿದರೆ ಒಂದು ಟಿಎಂಸಿ ಸಾಗಿಸಲು 5,662 ಕೋಟಿ ಒದ್ದೆ ಪ್ರಯಾಣಿಕರು ಬೇಕು. ಭೂಮಿಯ ಮೇಲಿರುವ ಸುಮಾರು 800 ಕೋಟಿ ಜನರೂ ಏಳೇಳು ಸಲ ಹೊಗೆನಕಲ್‌ಗೆ ಬಂದು ಮಿಂದರೆ ಕೆಲಸ ಹೆಚ್ಚುಕಡಿಮೆ ಆಗುತ್ತದೆ. ಪಾರ್ಕಿಂಗ್ ಶುಲ್ಕದ ಲೆಕ್ಕವನ್ನು ಬೇರೆ ಸಂಶೋಧಕರಿಗೆ ಬಿಡಲಾಗಿದೆ.

ರೆಕ್ಸಿನ್ ಎಂಬ ಮಾಯೆ

ಎರಡೂ ಪಕ್ಷಗಳನ್ನು ಆಲಿಸಿದ ಬಳಿಕ ಕ್ಷೇತ್ರಕಾರ್ಯಕ್ಕೆ ಇಳಿದಾಗ ಒಂದು ಆಘಾತ ಕಾದಿತ್ತು. ಬೊಲೆರೊ ಪಿಕಪ್ ಇರಲಿ, 2005ರಲ್ಲಿ ಬಂದ ಟಾಟಾ ಏಸ್ ಇರಲಿ, ಹೊಸೂರಿನಲ್ಲೇ ತಯಾರಾದ ಅಶೋಕ್ ಲೇಲ್ಯಾಂಡಿನ ದೋಸ್ತ್ ಇರಲಿ, ಬಾಗಿಲು ತೆಗೆದಲ್ಲೆಲ್ಲ ಕಣ್ಣಿಗೆ ಬಿದ್ದದ್ದು ರೆಕ್ಸಿನ್.

ರೆಕ್ಸಿನ್ ಚರ್ಮವೂ ಹೌದು, ಬಟ್ಟೆಯೂ ಹೌದು. ಚರ್ಮವೂ ಅಲ್ಲ, ಬಟ್ಟೆಯೂ ಅಲ್ಲ. ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಾರ್ಖಾನೆಯವರು ಬಟ್ಟೆಗೆ ನೈಟ್ರೋಸೆಲ್ಯುಲೋಸ್ ಬಳಿದು, ಚರ್ಮದ ಗೆರೆ ಒತ್ತಿ, ಈ ಹೆಸರಿನಲ್ಲಿ ಮಾರುತ್ತಿದ್ದರು. ನೈಟ್ರೋಸೆಲ್ಯುಲೋಸ್ ಫಿರಂಗಿ ಮದ್ದಿಗೂ ಬಳಕೆಯಾಗುತ್ತಿದ್ದ ವಸ್ತು. ಅಂದಿನವರು ಅದರ ಮೇಲೆ ನಿಶ್ಚಿಂತೆಯಿಂದ ಕೂತು ಬೀಡಿ ಸಿಗರೇಟು ಸೇದಿದರು. ಇಂದಿನದು ಬಟ್ಟೆಯ ಮೇಲೆ ಪಿವಿಸಿ. ಪಿವಿಸಿ ಮೆತ್ತಗಿರುವುದು ಅದಕ್ಕೆ ಬೆರೆಸಿದ ದ್ರವಗಳಿಂದ. ಎಣ್ಣೆ ತಾಗುತ್ತ ತಾಗುತ್ತ ಆ ದ್ರವವನ್ನು ಹೊರಗೆ ಎಳೆದುಕೊಳ್ಳುತ್ತದೆ, ಬಿಸಿಲು ಉಳಿದದ್ದನ್ನು ಆರಿಸುತ್ತದೆ. ಸೀಟು ಗಡುಸಾಗಿ ಸೀಳುತ್ತದೆ. ಸೀಳಿನೊಳಗಿಂದ ಇಣುಕುವುದು ಬಟ್ಟೆ. ಚರ್ಮದ ರೂಪದಲ್ಲಿ ಹುಟ್ಟಿ ವಸ್ತ್ರದ ರೂಪದಲ್ಲಿ ಸಾಯುವ ಈ ಪದಾರ್ಥದ ಮುಂದೆ ಎರಡೂ ಪೂರ್ವಪಕ್ಷಗಳು ಒಟ್ಟಿಗೆ ಸೋಲುತ್ತವೆ.

ಹುಸಿಚರ್ಮವನ್ನು ಬಿಸಿಲಿಗೆ ಒಡ್ಡಬಾರದೆಂಬ ಅರಿವು ಈ ಸೀಮೆಗೆ ಹೊಸದಲ್ಲ. ದೇವರಗುಡ್ಡರು ಹಾಡುವ ಮಾದಪ್ಪನ, ಅಂದರೆ ಅದೇ ಮಹದೇಶ್ವರನ, ಕತೆಯಲ್ಲಿ ಶ್ರವಣನೆಂಬ ದುಷ್ಟನ ಅಂತ್ಯವಾದದ್ದು ಬೆಂಕಿಗೆ ಕರಗುವ ಮೆಟ್ಟಿನಿಂದ. ಮೆಟ್ಟೋ ಸೀಟೋ, ನೋಡಲು ಚರ್ಮ, ಕಾದರೆ ಅಂಟು. ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ನಿಂತ ಗಾಡಿಯ ಕಪ್ಪು ರೆಕ್ಸಿನ್ ಮೇಲೆ ಬರ್ಮುಡಾ ತೊಟ್ಟು ಕೂತ ಯಾರೂ ಈ ಕತೆಯನ್ನು ಬರಿಯ ಕಲ್ಪನೆ ಎನ್ನಲಾರರು.

ಸಿದ್ಧಾಂತ

ಹಾಗಾದರೆ ಯಾವುದು ಬಾಳುತ್ತದೆ? ಕೊಳ್ಳೇಗಾಲದ ಕಡೆಯ ಡ್ರೈವರೊಬ್ಬರನ್ನು ‘ನಿಮ್ಮ ಸೀಟು ಎಷ್ಟು ವರ್ಷ ಬಂತು?’ ಎಂದು ವಿಚಾರಿಸಲಾಗಿ ದೊರೆತ ಉತ್ತರ ಈ ಶಾಸ್ತ್ರದ ದಿಕ್ಕನ್ನೇ ಬದಲಿಸುವಂಥದು: ‘ಸೀಟ್ನ ಯಾರ್ ಕಂಡವ್ರೆ ಸಾ? ಅದು ಒಳ್ಗದೆ.’

ಉತ್ಖನನ ನಡೆಸಲಾಯಿತು. ಮೇಲ್ಪದರ: ಟರ್ಕಿ ಟವೆಲು, ಒದ್ದೆ. ಅದರಡಿ: ಬಜಾರಿನಲ್ಲಿ ಹಾಕಿಸಿದ ಸೀಟ್ ಕವರು. ಅದರಡಿ: ಕಂಪನಿಯವರು ಗಾಡಿ ಕೊಡುವಾಗ ಸುತ್ತಿದ್ದ ಪ್ಲಾಸ್ಟಿಕ್, ಇನ್ನೂ ತೆಗೆದಿಲ್ಲ. ಅದರಡಿ: ಮೂಲ ರೆಕ್ಸಿನ್, ಅಕ್ಷತ, ಅಸ್ಪೃಷ್ಟ, ಶೋರೂಮಿನ ಹೊಳಪು ಸಹಿತ. ತಳದಲ್ಲಿ ಫೋಮ್. ಈಗ ಗೀತೆಯ ಕ್ರಮ ನೆನೆಯಿರಿ. ದರ್ಭೆಯ ಜಾಗದಲ್ಲಿ ಫೋಮ್, ಜಿಂಕೆಯ ತೊಗಲಿನ ಜಾಗದಲ್ಲಿ ರೆಕ್ಸಿನ್, ಎಲ್ಲಕ್ಕೂ ಮೇಲೆ ಬಟ್ಟೆ. ಭಾಷ್ಯಕಾರರು ಹೇಳಿದ ಕ್ರಮವನ್ನು ಪೆನ್ನಾಗರಂ ಘಾಟಿಯ ಡ್ರೈವರುಗಳು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ.

ಆದ್ದರಿಂದ ಸಿದ್ಧಾಂತವಿದು: ಬಾಳಿಕೆ ಚರ್ಮದ ಗುಣವೂ ಅಲ್ಲ, ಬಟ್ಟೆಯ ಗುಣವೂ ಅಲ್ಲ. ಯಾವುದರ ಮೇಲೆ ಯಾರೂ ಕೂರುವುದಿಲ್ಲವೋ ಅದು ಬಾಳುತ್ತದೆ. ಮದುವೆಯ ರೇಷ್ಮೆ ಸೀರೆ ಬೀರುವಿನಲ್ಲಿ ನೂರು ವರ್ಷ ಬಾಳುವುದೂ ಈ ನಿಯಮದಂತೆಯೇ. ಸಾಲ ಮಾಡಿ ಒಳ್ಳೆಯದನ್ನು ಕೊಳ್ಳುವುದು, ಅದನ್ನು ಮುಚ್ಚಿಡುವುದು, ಆಯುಷ್ಯವೆಲ್ಲ ಮುಚ್ಚಳದ ಮೇಲೆ ಕೂರುವುದು, ಕೊನೆಗೆ ಸೀಟು ಹೊಸದಾಗಿದೆ ಎಂದು ತೋರಿಸಿ ಗಾಡಿಯನ್ನು ಇನ್ನೊಬ್ಬನಿಗೆ ಮಾರುವುದು: ಇದು ನಮ್ಮ ಪುರುಷಾರ್ಥ. ಆ ಇನ್ನೊಬ್ಬನೂ ಮೊದಲು ಮಾಡುವ ಕೆಲಸ ಟವೆಲು ಹಾಸುವುದು. ಮುಚ್ಚದೆಯೂ ಬಾಳಿದ ಆಸನ ಈ ಊರಿನಲ್ಲಿ ಒಂದೇ: ಬಂಡೆ. ಹೊಗೆನಕಲ್ ಬಳಿಯ ಕಾರ್ಬೊನಟೈಟ್ ಶಿಲೆಗೆ ಸುಮಾರು 240 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದಕ್ಕೆ ಕಂತಿನ ಸಾಲ ಸಿಗುವುದಿಲ್ಲ.

ಪರಿಶಿಷ್ಟ: ಹಿಂದುಗಡೆ

ಪ್ರಬಂಧ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗಾಡಿಗೆ ಹಿಂದುಗಡೆಯೂ ಒಂದಿದೆ. ಮುಂದಿನ ಸೀಟಿನಲ್ಲಿ ಇಬ್ಬರೋ ಮೂವರೋ ಇದ್ದರೆ, ಹಿಂದಿನ ಬಾಡಿಯಲ್ಲಿ ಗಾರೆ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ, ಜಾತ್ರೆಗೆ ಹೊರಟವರು ಇಪ್ಪತ್ತು ಜನ. ಪಯಸ್ ಬರೆದಿಟ್ಟ ತೆಪ್ಪದ ಲೆಕ್ಕ ಐದು ಶತಮಾನಗಳಲ್ಲಿ ಬದಲಾಗಿಲ್ಲ. ಅಲ್ಲಿ ಫೋಮ್ ಇಲ್ಲ, ರೆಕ್ಸಿನ್ ಇಲ್ಲ, ಟವೆಲು ತಲೆಗೆ ಸುತ್ತಿಕೊಳ್ಳಲು ಬೇಕು. ಕೆಳಗೆ ತಗಡು. ತಗಡಿಗೂ ಮೂಳೆಗೂ ನಡುವೆ ಇರುವುದು ಒಂದು ಪದರ ಪಂಚೆ, ಅದರೊಳಗೆ ಒಂದು ಪದರ ಸ್ವಂತ ಚರ್ಮ. ಚರ್ಮ ಮೊದಲು ಸವೆಯುತ್ತದೋ ಬಟ್ಟೆ ಮೊದಲು ಸವೆಯುತ್ತದೋ ಎಂಬ ಪ್ರಶ್ನೆಯನ್ನು ಅದರ ಶುದ್ಧ ರೂಪದಲ್ಲಿ ನೋಡಬೇಕೆಂದರೆ ಇಲ್ಲಿಯೇ ನೋಡಬೇಕು. ಎರಡೂ ದಿನವೂ ಸವೆಯುತ್ತವೆ. ಪಂಚೆಯನ್ನು ಹಬ್ಬಕ್ಕೆ ಬದಲಿಸಬಹುದು. ಆ ಇನ್ನೊಂದು ಪದರವನ್ನು ಯಾವ ಮಾರ್ಟಿಂಡೇಲ್ ಯಂತ್ರವೂ ಪರೀಕ್ಷಿಸಿಲ್ಲ. ಮೂಳೆ ಮುರಿದರೆ ವಿಮೆ ಕೊಡಿಸುವುದೂ ಸುಲಭವಲ್ಲ, ಏಕೆಂದರೆ ಸರಕಿನ ಗಾಡಿಯಲ್ಲಿ ಪ್ರಯಾಣಿಕರನ್ನು ಒಯ್ಯಲು ಕಾನೂನು ಬಿಡುವುದಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಬೆಳಿಗ್ಗೆ ಸಂಜೆ ಪಠಿಸುವ ಮಾಲೀಕನ ಸೀಟು ಹರಿಯದು. ಕೇಳುವ ಡ್ರೈವರನ ಬಲ ಅಂಚು ಬಾಯಿ ಬಿಡದು. ಬರೆದು ಹಂಚುವ ಕುಶನ್ ಅಂಗಡಿಯವನಿಗೆ ವ್ಯಾಪಾರ ತಪ್ಪದು. ಹಿಂದುಗಡೆ ಕೂತವರು ಕಾನೂನಿನ ಪ್ರಕಾರ ಗಾಡಿಯಲ್ಲಿ ಇರಲೇ ಇಲ್ಲವಾದ್ದರಿಂದ ಫಲ ಪಡೆಯುವವರ ಪಟ್ಟಿಯಲ್ಲಿ ಅವರ ಹೆಸರು ಸೇರಿಲ್ಲ. ಸೇರಿಸಬೇಕೆಂದು ಅರ್ಜಿ ಹಾಕಬಹುದು. ಅರ್ಜಿ ಬರೆಯಲು ಕಚೇರಿಯಲ್ಲಿ ಸೀಟು ಒದಗಿಸಲಾಗುವುದಿಲ್ಲ.