ಎರಡನೇ ಕ್ರಾಸಿನವರು

ಎರಡನೇ ಕ್ರಾಸಿನವರು ಜಿಪುಣರು ಕಣ್ರೀ. ಇದು ನಮ್ಮ ಮೂರನೇ ಕ್ರಾಸಿನ ತೊಟ್ಟಿಲ ಕೂಸಿಗೂ ಗೊತ್ತು. ನಾವು ಜಗಳಗಂಟರು ಅಂತ ಅವರ ಕೂಸುಗಳಿಗೂ ಗೊತ್ತಂತೆ. ಹಾಲಿನವನು ಒಬ್ಬನೇ, ಸೊಪ್ಪಿನವಳು ಒಬ್ಬಳೇ, ಸೊಳ್ಳೆಗಳಂತೂ ಯಾವ ಭೇದವೂ ಇಲ್ಲದೆ ಎರಡೂ ಕಡೆ ಊಟ ಮುಗಿಸುತ್ತವೆ. ಸೈಟು ಹಂಚುವಾಗ ಎಲ್ಲರೂ ಚೀಟಿ ಎತ್ತಿದವರೇ ತಾನೇ? ಚೀಟಿ ಬಿಚ್ಚುವ ತನಕ ಇಲ್ಲದಿದ್ದ ಜಿಪುಣತನ ಬಿಚ್ಚಿದ ಮೇಲೆ ಎಲ್ಲಿಂದ ಬಂತು?

ಹೆನ್ರಿ ತಾಜ್‌ಫೆಲ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞರಿದ್ದರು. ಪೋಲೆಂಡಿನ ಯಹೂದಿ. ಫ್ರೆಂಚ್ ಸೈನಿಕರಾಗಿ ಜರ್ಮನ್ನರ ಸೆರೆಯಲ್ಲಿದ್ದು ಬದುಕಿ ಬಂದರು. ಬಂದು ನೋಡಿದರೆ ಮನೆಯವರು ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ನಾವು–ಅವರು ಅನ್ನೋದು ಹುಟ್ಟೋಕೆ ಕನಿಷ್ಠ ಏನು ಬೇಕು? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವರ್ಷದ 64 ಶಾಲಾಹುಡುಗರನ್ನು ಕೂರಿಸಿಕೊಂಡು ಇದನ್ನೇ ಪರೀಕ್ಷಿಸಿದರು. ಪರದೆಯ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಚುಕ್ಕಿಗಳು. ಎಷ್ಟಿದ್ದವು ಅಂತ ಹುಡುಗರು ಅಂದಾಜು ಹೇಳಬೇಕು. ಆಮೇಲೆ ‘ನೀನು ಹೆಚ್ಚು ಎಣಿಸುವ ಗುಂಪು, ನೀನು ಕಡಿಮೆ ಎಣಿಸುವ ಗುಂಪು’ ಅಂತ ಪಾಲು ಮಾಡಿದರು. ಅದೂ ಸುಳ್ಳೇ, ಯಾರನ್ನು ಎಲ್ಲಿಗೆ ಬೇಕೋ ಅಲ್ಲಿಗೆ ಹಾಕಿದ್ದರು.

ಇನ್ನು ದುಡ್ಡು ಹಂಚುವ ಕೆಲಸ. ತನಗೆ ಕೊಟ್ಟುಕೊಳ್ಳುವ ಹಾಗಿಲ್ಲ. ಯಾರಿಗೆ ಕೊಡುತ್ತಿದ್ದೇನೆ ಅಂತ ಮುಖ, ಹೆಸರು ಒಂದೂ ತಿಳಿಯದು. ತಿಳಿಯೋದು ಗುಂಪು ಮಾತ್ರ. ಆದರೂ ಹುಡುಗರು ತಮ್ಮವರ ಕಡೆಗೇ ವಾಲಿದರು. ಮುಂದಿನ ಪರೀಕ್ಷೆಯಲ್ಲಂತೂ ಲೆಕ್ಕ ಹೀಗಿತ್ತು: ತಮ್ಮವನಿಗೆ 19 ಕೊಟ್ಟರೆ ಆಚೆಯವನಿಗೆ 25 ಹೋಗುತ್ತೆ, ತಮ್ಮವನನ್ನು 7ಕ್ಕೆ ಇಳಿಸಿದರೆ ಆಚೆಯವನಿಗೆ ಸಿಗೋದು 1. ಕೈಗೆ ಬರೋದು ಕಡಿಮೆಯಾದರೂ ಪರವಾಗಿಲ್ಲ, ಆಚೆಯವರಿಗಿಂತ ಮುಂದಿದ್ದರೆ ಸಾಕು ಅನ್ನುವ ಕಡೆಗೇ ಹುಡುಗರ ಮನಸ್ಸು. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡುವುದು ಅಂತಾರಲ್ಲ, ಅದೇ! ಹೋದ ವರ್ಷ ನಮ್ಮ ಗಣಪತಿಯನ್ನು ಅವರದ್ದಕ್ಕಿಂತ ಒಂದಡಿ ಎತ್ತರ ಮಾಡಲು ಹೋಗಿ ಪ್ರಸಾದದ ಪುಳಿಯೋಗರೆಗೇ ಕತ್ತರಿ ಬಿತ್ತಲ್ಲ, ಆಗ ಒಬ್ಬರಾದರೂ ಬೇಸರ ಮಾಡಿಕೊಂಡರೇ?

ಗೆರೆ ಮೊದಲು, ಕಾರಣ ಆಮೇಲೆ. ಒಮ್ಮೆ ಗೆರೆ ಎಳೆದಾಯಿತು ಅನ್ನಿ, ಸಾಕ್ಷಿಗೆ ಬರವಿಲ್ಲ. ನಮ್ಮವನೊಬ್ಬ ಚಂದಾ ಕೊಡದಿದ್ದರೆ ಪಾಪ, ಏನು ಕಷ್ಟವೋ. ಅವರಲ್ಲೊಬ್ಬ ಕೊಡದಿದ್ದರೆ ‘ನೋಡಿದಿರಾ, ಆ ಕ್ರಾಸೇ ಹಾಗೆ’. ಅವರಲ್ಲೇ ಒಬ್ಬ ಧಾರಾಳಿ ಸಿಕ್ಕಿದನೋ, ‘ಇವರೊಬ್ಬರು ಬಿಡಿ, ಆ ಕ್ರಾಸಿನವರ ಥರ ಅಲ್ಲವೇ ಅಲ್ಲ’ ಅಂತ ಬೆನ್ನು ತಟ್ಟಿ, ಮಿಕ್ಕವರನ್ನೆಲ್ಲ ಮತ್ತೆ ಜಿಪುಣರ ಪಟ್ಟಿಗೆ ಸೇರಿಸುತ್ತೇವೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ತಮ್ಮ 1954ರ ಪುಸ್ತಕದಲ್ಲಿ ಈ ಉಪಾಯವನ್ನು ಕಿತ್ತ ಬೇಲಿಯನ್ನು ಅವಸರದಲ್ಲಿ ಮತ್ತೆ ನೆಡುವುದು ಅಂತಲೇ ಕರೆದಿದ್ದಾರೆ.

ಈ ಸಲ ಎರಡೂ ಕ್ರಾಸು ಸೇರಿ ಒಂದೇ ಗಣಪತಿ ಇಡೋಣ, ನಾಲ್ಕನೇ ಕ್ರಾಸಿನವರ ಕಣ್ಣು ಕುಕ್ಕಬೇಕು ಅಂತ ಕಾರ್ಯದರ್ಶಿಗಳು ಹೇಳುತ್ತಿದ್ದಾರೆ. ಜಾಣತನವೇ. ಆದರೆ ಬೇಲಿ ಕಿತ್ತ ಹಾಗಾಗೋದಿಲ್ಲ, ಒಂದು ಕ್ರಾಸು ಆಚೆಗೆ ಸರಿದಂತಾಗುತ್ತೆ, ಅಷ್ಟೇ. ಅಮೆರಿಕದ ಒಕ್ಲಹೋಮಾದಲ್ಲಿ ಮುಜಫರ್ ಶೆರಿಫ್ ಅನ್ನುವ ಮನಶ್ಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. 1954ರ ಬೇಸಿಗೆ ಶಿಬಿರ, 22 ಹುಡುಗರು, ಎರಡು ಗುಂಪು. ಪಂದ್ಯ ಕಟ್ಟಿದ್ದೇ ತಡ, ಬಾವುಟ ಸುಡುವ ತನಕ ಹೋಯಿತು. ಒಟ್ಟಿಗೆ ಕೂರಿಸಿ ಸಿನಿಮಾ ತೋರಿಸಿದರೂ, ಊಟ ಹಾಕಿದರೂ ಜಗಳ ನಿಲ್ಲಲಿಲ್ಲ. ಆಮೇಲೆ ಬೇಕೆಂದೇ ನೀರು ನಿಲ್ಲಿಸಿದರು, ಊಟ ತರುವ ಲಾರಿ ಕೆಟ್ಟು ನಿಂತಂತೆ ಮಾಡಿದರು. ಹಗ್ಗಜಗ್ಗಾಟಕ್ಕೆ ಬಳಸಿದ್ದ ಹಗ್ಗವನ್ನೇ ಲಾರಿಗೆ ಕಟ್ಟಿ, ಎರಡೂ ಗುಂಪು ಒಂದೇ ಕಡೆ ನಿಂತು ಎಳೆದವು. ಇಂಥವು ನಾಲ್ಕಾರು ಆದ ಮೇಲೆ ಹುಡುಗರು ಊರಿಗೆ ಹೊರಟಿದ್ದು ಒಂದೇ ಬಸ್ಸಿನಲ್ಲಿ.

ನಮಗೆ ಲಾರಿ ಬೇಡ ಬಿಡಿ. ಎರಡೂ ಕ್ರಾಸಿನ ಚರಂಡಿ ಸೇರೋದು ಒಂದೇ ಮ್ಯಾನ್‌ಹೋಲಿಗೆ. ಮಳೆಗಾಲ ಬರಲಿ, ನೋಡೋಣ!