ಡ್ರಾಯಿಂಗ್ ಸರ್

ಸುರಪುರ ಕಡೆಯ ಚಿತ್ರಕಲಾ ಪ್ರಾಧ್ಯಾಪಕ ಪಿಎಚ್‌ಡಿ ಮಾಡಲಿ, ದೆಹಲಿಯಲ್ಲಿ ಪ್ರದರ್ಶನ ಇಡಲಿ, ಊರವರ ಪಾಲಿಗೆ ಅವನು 'ಡ್ರಾಯಿಂಗ್ ಸರ್'. ಬಡ್ತಿ ಇಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಯುವುದೇ ತಡ, "ಸರ, ನಮ್ಮಪ್ಪಂದೊಂದು ಫೋಟೊ ಐತ್ರಿ, ದೊಡ್ಡದಾಗಿ ತೆಗೆದು ಕೊಡ್ರಿ. ಮೀಸಿ ಜರಾ ದಪ್ಪ ಇರ್ಲಿ." ರೊಕ್ಕದ ಮಾತು ಬಂದರೆ, "ಕೈಯಾಗಿನ ಕಲಾ ಅಲ್ರೀ, ಖರ್ಚೇನು?"

ಸುರಪುರದ್ದು ಕಿರುಚಿತ್ರಗಳ ಪರಂಪರೆ. ಗರುಡಾದ್ರಿ ಮನೆತನದ ಕಲಾವಿದರು ಕೂದಲೆಳೆಯ ಗೆರೆಗಳಲ್ಲಿ ದೇವರನ್ನು, ದೊರೆಗಳನ್ನು ಕೂರಿಸಿದವರು. ಅಂಥ ಗೆರೆ ಎಳೆಯಲು ಸರ್ ರಾತ್ರಿ ಉಸಿರು ಬಿಗಿಹಿಡಿದು ಕೂತರೆ ಮೊಬೈಲ್ ಟಣ್ ಅನ್ನುತ್ತದೆ: ಇಂಟರ್ನಲ್ ಮಾರ್ಕ್ಸ್ ನಾಳೆಯೇ ಕಳಿಸಬೇಕು. ಕೃಷ್ಣನ ಹುಬ್ಬು ಕಿವಿಯವರೆಗೂ ಹೋಗುತ್ತದೆ. 1840ರ ದಶಕದಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಂಸ್ಥಾನದ ಆಡಳಿತ ನೋಡಿಕೊಂಡೇ ಚಿತ್ರವನ್ನೂ ಬಿಡಿಸುತ್ತಿದ್ದ, ಕಾದಂಬರಿಕಾರ ಬೇರೆ. ಗುಡ್ಡದ ಮೇಲೆ ಅವನ ಟೇಲರ್ ಮಂಜಿಲ್ ಇದೆ. ಪುಣ್ಯವಂತ, ಅವನ ಕಾಲಕ್ಕೆ ಸೆಮಿಸ್ಟರ್ ಇರಲಿಲ್ಲ.

ವಿದ್ಯಾರ್ಥಿಗಳನ್ನು ಹೊರಾಂಗಣ ಚಿತ್ರಣಕ್ಕೆ ಕರೆದೊಯ್ಯಲು ಶಹಾಪುರವೇ ವಾಸಿ. ಅಲ್ಲಿ ಗುಡ್ಡದ ಸಾಲೇ ಮಲಗಿದ ಬುದ್ಧನಂತೆ ಕಾಣುತ್ತದೆ. ಇಂಥ ಮಾಡೆಲ್ ಎಲ್ಲೂ ಸಿಗುವುದಿಲ್ಲ: ಅಲುಗಾಡುವುದಿಲ್ಲ, ಚಹಾ ಕೇಳುವುದಿಲ್ಲ, 'ನನ್ನ ಹಂಗ ಇಲ್ಲ' ಎಂದು ತಕರಾರು ತೆಗೆಯುವುದಿಲ್ಲ. ತಕರಾರೇನಿದ್ದರೂ ಕುರಿ ಕಾಯುವ ಹಿರಿಯರದ್ದು. ಹಿಂದೆ ನಿಂತು, ಬೀಡಿ ಮುಗಿಯುವ ತನಕ ನೋಡಿ, ಸರ್‌ಗೇ ಹೇಳುತ್ತಾರೆ: "ಮೂಗು ತಪ್ಪೈತ್ರಿ. ನಾ ದಿನಾ ನೋಡ್ತೀನಲ್ಲ."